ಎರಡನೇ ಪ್ಲೇಟು

ಕನ್ನಡ ನಾಡಿನ ಶಾಸನ ಅಧ್ಯಯನದ ಕಥೆ ಹೇಳುವಾಗ ನಾವೆಲ್ಲ ಬಿ.ಎಲ್. ರೈಸ್ ಅವರಿಂದ ಶುರುಮಾಡುತ್ತೇವೆ. ತಪ್ಪೇನಿಲ್ಲ. ಆದರೆ ರೈಸ್ ಅವರಿಗೂ ಮೊದಲು ಒಂದು ಕ್ಯಾಮೆರಾ ಇತ್ತು. 1865ರಲ್ಲಿ, ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ, ಮದ್ರಾಸ್ ಸೈನ್ಯದ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಚಿತ್ರದುರ್ಗ, ದಾವಣಗೆರೆ, ಹರಿಹರ, ಬಳ್ಳಿಗಾವಿ ಮುಂತಾದ ಕಡೆ ತಿರುಗಿ ಸುಮಾರು 150 ಶಾಸನಗಳ ಫೋಟೋ ತೆಗೆದರು. ಅವುಗಳನ್ನು ಓದಿ ಅನುವಾದಿಸುವ ಕೆಲಸ ಆಗ ಶಿಕ್ಷಣ ಇಲಾಖೆಯಲ್ಲಿದ್ದ ರೈಸ್ ಅವರ ಪಾಲಿಗೆ ಬಂತು. 1879ರಲ್ಲಿ ಅಚ್ಚಾದ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪುಸ್ತಕದ ತಿರುಳು ಆ ಫೋಟೋಗಳೇ. ಆಮೇಲಿನದು ಎಲ್ಲರಿಗೂ ಗೊತ್ತು: 1886ರ ಕೊಡಗಿನ ಸಂಪುಟದಿಂದ ಶುರುವಾದ ಎಪಿಗ್ರಾಫಿಯಾ ಕರ್ನಾಟಿಕ, ಹನ್ನೆರಡು ಸಂಪುಟ, ಸುಮಾರು 9,000 ಶಾಸನ. ಆ ಹೆಮ್ಮರದ ಬೀಜ ಕಲ್ಲಲ್ಲ, ಕಾಗದದ ಮೇಲಿನ ಚಿತ್ರ.

ಡಿಕ್ಸನ್ ಒಬ್ಬರೇ ಅಲ್ಲ. ಅವರಿಗೆ ಹತ್ತು ವರ್ಷ ಮೊದಲೇ, 1855ರಲ್ಲಿ, ಬೊಂಬಾಯಿ ಸರ್ಕಾರ ಫಿರಂಗಿ ದಳದ ಥಾಮಸ್ ಬಿಗ್ಸ್ ಅವರನ್ನು ಬಿಜಾಪುರ, ಬಾದಾಮಿ, ಐಹೊಳೆ ಕಡೆಯ ಕಟ್ಟಡಗಳ ಫೋಟೋ ತೆಗೆಯಲು ಕಳಿಸಿತ್ತು. ಅವರ ನಂತರ ಆ ಕೆಲಸಕ್ಕೆ ಬಂದವರು ಪಿಗೌ ಎಂಬ ವೈದ್ಯರು. ಹಳೇಬೀಡು, ಬೇಲೂರಿನ ಚಿತ್ರ ತೆಗೆದ ನೀಲ್ ಕೂಡ ವೈದ್ಯರೇ. ಆ ಕಾಲದ ಡಾಕ್ಟರುಗಳಿಗೆ ರಾಸಾಯನಿಕಗಳ ಪರಿಚಯ ಇರುತ್ತಿತ್ತಲ್ಲ, ಅದೇ ಕಾರಣವಿರಬೇಕು ಅಂತ ನನ್ನ ಊಹೆ. ಈ ಮೂವರ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗೆಗಿನ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಬಂದವು. ಇತಿಹಾಸದ ಭಾಗ ಬರೆದವರು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಫರ್ಗುಸನ್ ಅವರದು. ಅತ್ತ ತಂಜಾವೂರಿನಲ್ಲಿ 1858ರಲ್ಲಿ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಇನ್ನೂ ಒಂದು ಸಾಹಸ ಮಾಡಿದರು. ಬೃಹದೀಶ್ವರ ದೇವಸ್ಥಾನದ ಅಧಿಷ್ಠಾನದ ಶಾಸನಗಳನ್ನು ತುಂಡುತುಂಡಾಗಿ ಸೆರೆಹಿಡಿದು, 21 ಪ್ರಿಂಟುಗಳನ್ನು ಒಂದಕ್ಕೊಂದು ಅಂಟಿಸಿ ಸುಮಾರು 19 ಅಡಿ ಉದ್ದದ ಒಂದೇ ಪಟ್ಟಿ ಮಾಡಿದರು. ಸುರುಳಿ ಬಿಚ್ಚಿದರೆ ಗುಡಿಯ ಸುತ್ತ ನಡೆದುಕೊಂಡು ಹೋದಂತೆ. 1878ರಲ್ಲಿ ಫ್ಲೀಟ್ ಸಂಕಲಿಸಿದ ಹಳಗನ್ನಡ ಮತ್ತು ಸಂಸ್ಕೃತ ಶಾಸನಗಳ ಸಂಪುಟವೂ ಮುಖ್ಯವಾಗಿ ಇಂಥ ಫೋಟೋಗಳ ಕಟ್ಟೇ.

ಇಷ್ಟೆಲ್ಲ ಹೇಳೋಕೆ ಕಾರಣ ಇದೆ. ಶಾಸನದ ಓದುಗರು ಬಹುತೇಕ ಸಲ ಕಲ್ಲನ್ನು ಓದುವುದಿಲ್ಲ. ಪಡಿಯಚ್ಚನ್ನು ಓದುತ್ತಾರೆ, ಇಲ್ಲ ಫೋಟೋವನ್ನು ಓದುತ್ತಾರೆ. ಆ ಫೋಟೋ ಎಲ್ಲಿಂದ ಬಂತು, ಯಾರು ತೆಗೆದರು, ತೆಗೆಯುವ ಮೊದಲು ಕಲ್ಲಿಗೆ ಏನು ಮಾಡಿದರು ಎಂಬ ಪ್ರಶ್ನೆಗಳು ಪಾಠಾಂತರದ ಅಡಿಟಿಪ್ಪಣಿಗೂ ಬರುವುದಿಲ್ಲ. ನನ್ನ ನೌಕರಿಯ 32 ವರ್ಷ ಪೂರ್ತಿ ಕಳೆದದ್ದು ಈ ಪ್ರಶ್ನೆಗಳ ಜೊತೆಗೇ. ಶಾಸನಗಳನ್ನು ಸಂಗ್ರಹಿಸಿಡುವ ಒಂದು ಸಂಸ್ಥೆಯಲ್ಲಿ (ಹೆಸರು ಬೇಡ) ಚಿತ್ರಸಂಗ್ರಹ ನೋಡಿಕೊಳ್ಳುವ ಕೆಲಸ. ಆಫೀಸಿನ ಭಾಷೆಯಲ್ಲಿ 'ಫೋಟೋ ಸೆಕ್ಷನ್'. ಶಾಸನ ಓದಬಲ್ಲವರು ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಓದೋಕೆ ಬಾರದವರನ್ನು ಫೋಟೋ ಸೆಕ್ಷನ್ನಿಗೆ ಹಾಕ್ತಾರೆ ಅನ್ನೋ ಮಾತು ನಾನು ಸೇರಿದಾಗಲೇ ಚಾಲ್ತಿಯಲ್ಲಿತ್ತು.

ಸೇರಿದ ಹೊಸತರಲ್ಲಿ ಆ ಕೋಣೆಯಲ್ಲಿದ್ದದ್ದು ಆರು ಕಬ್ಬಿಣದ ಬೀರು, ಒಂದು ಮರದ ಬೀರು, ನಾಲ್ಕು ಉದ್ದನೆ ರಿಜಿಸ್ಟರು. ಬೀರುಗಳ ತುಂಬ ಗಾಜಿನ ನೆಗೆಟಿವ್‌ಗಳು. ಹೆಚ್ಚಿನವು ಅರ್ಧ ಪ್ಲೇಟು, ಅಂದರೆ ನಾಲ್ಕೂಮುಕ್ಕಾಲು ಇಂಚಿಗೆ ಆರೂವರೆ ಇಂಚು. ಕೆಲವು ಪೂರ್ತಿ ಪ್ಲೇಟು, ಆರೂವರೆಗೆ ಎಂಟೂವರೆ. ಒಂದೊಂದೂ ಕಂದು ಕಾಗದದ ಲಕೋಟೆಯಲ್ಲಿ. ಒಂದರ ಮೇಲೊಂದು ಮಲಗಿಸಿ ಪೇರಿಸಿದ್ದರು, ಹಪ್ಪಳದ ಹಾಗೆ. ಗಾಜಿನ ಪ್ಲೇಟನ್ನು ಮಲಗಿಸಬಾರದು. ಮೇಲಿನವುಗಳ ಭಾರಕ್ಕೆ ಕೆಳಗಿನದು ಸೀಳುತ್ತದೆ. ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿಡಬೇಕು, ನಡುವೆ ಗಟ್ಟಿ ರಟ್ಟು ಕೊಡಬೇಕು. ನಾನು ಮೊದಲ ಎರಡು ವರ್ಷ ಮಾಡಿದ್ದು ಇದೇ: ಮಲಗಿದ್ದನ್ನು ನಿಲ್ಲಿಸಿದ್ದು. ಮರದ ಬೀರಿನಲ್ಲಿ ಫಿಲ್ಮ್ ನೆಗೆಟಿವ್‌ಗಳಿದ್ದವು. ಬಾಗಿಲು ತೆಗೆದರೆ ವಿನೆಗರ್ ಥರ ಹುಳಿ ವಾಸನೆ. ಅಸಿಟೇಟ್ ಫಿಲ್ಮ್ ಸಾಯುವಾಗ ಬರುವ ವಾಸನೆ ಅದು. ಒಂದು ಡಬ್ಬಿಯಲ್ಲಿ ಶುರುವಾದರೆ ಪಕ್ಕದ ಡಬ್ಬಿಗೂ ಹರಡುತ್ತದೆ. ಅದಕ್ಕೂ ಹಳೆಯ ನೈಟ್ರೇಟ್ ಫಿಲ್ಮ್ ಇನ್ನೂ ಅಪಾಯ, ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಇವುಗಳಿಗೆ ಹೋಲಿಸಿದರೆ ಗಾಜು ನಿಯತ್ತಿನದು. ಬೀಳಿಸದಿದ್ದರೆ ನೂರು ವರ್ಷ ಆರಾಮಾಗಿ ಇರುತ್ತದೆ.

ಹಳೆಯ ಪ್ಲೇಟುಗಳನ್ನು ಓದುವುದಕ್ಕೆ ಒಂದು ಬೇರೆಯೇ ಅಕ್ಷರಾಭ್ಯಾಸ ಬೇಕು. ಒಂದೆರಡು ಉದಾಹರಣೆ ಕೊಡುತ್ತೇನೆ. ಆರಂಭದ ಕಾಲದ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣಿಸುತ್ತಿರಲಿಲ್ಲ. ಕೆಂಪು ಅಲ್ಲಿ ಕಪ್ಪಾಗಿ ಬೀಳುತ್ತದೆ. ಊರವರು ಪೂಜಿಸುವ ವೀರಗಲ್ಲಿಗೆ ಕುಂಕುಮ ಬಳಿದಿದ್ದರೆ ಫೋಟೋದಲ್ಲಿ ಅದು ಕಪ್ಪು ಕಲೆ. ಕಲ್ಲು ಒಡೆದು ಗುಳಿ ಬಿದ್ದಿದೆ ಅಂದುಕೊಂಡು 'ಇಲ್ಲಿ ಎರಡು ಅಕ್ಷರ ನಷ್ಟ' ಎಂದು ಬರೆದವರುಂಟು. ಅಕ್ಷರ ಎಲ್ಲೂ ಹೋಗಿಲ್ಲ, ಕುಂಕುಮದ ಅಡಿಯಲ್ಲಿದೆ. ಇನ್ನೊಂದು, ಪ್ಲೇಟನ್ನು ತಿರುವಿಹಾಕಿ ಪ್ರಿಂಟ್ ಮಾಡಿದರೆ ಎಡಬಲ ಅದಲುಬದಲಾಗುತ್ತದೆ. ಬರಹ ಇದ್ದರೆ ಕೂಡಲೇ ಗೊತ್ತಾಗುತ್ತದೆ. ಬರಹವಿಲ್ಲದ ವೀರಗಲ್ಲು ಆದರೆ ವೀರನ ಕತ್ತಿ ಎಡಗೈಗೆ ಬಂದುಬಿಡುತ್ತದೆ, ಯಾರೂ ಗಮನಿಸುವುದಿಲ್ಲ. ಎಡಗೈ ವೀರನ ಬಗ್ಗೆ ಒಂದು ಲೇಖನವೇ ಬಂದೀತು ಎಂದು ನಮ್ಮಲ್ಲಿ ತಮಾಷೆ ಮಾಡುತ್ತಿದ್ದೆವು.

ಆಮೇಲೆ ಊರ ಹೆಸರುಗಳು. ಹತ್ತೊಂಬತ್ತನೇ ಶತಮಾನದ ಶೀರ್ಷಿಕೆಗಳಲ್ಲಿ ಹಳೇಬೀಡು 'ಹುಲ್ಲಬೀಡ್', ಪಟ್ಟದಕಲ್ಲು 'ಪುರುಡ್ಕುಲ್', ಐಹೊಳೆ 'ಐವುಲ್ಲಿ', ಬಳ್ಳಿಗಾವಿ 'ಬೆಲ್ಲಗಾಮಿ'. ದೊಡ್ಡ ಊರುಗಳಾದ್ದರಿಂದ ಊಹಿಸಬಹುದು. ಸಣ್ಣ ಹಳ್ಳಿಗಳ ಪಾಡೇನು? ಕನ್ನಡ ನಾಡಿನಲ್ಲಿ ಎಷ್ಟು ಹೊಸಹಳ್ಳಿ, ಎಷ್ಟು ಕೊಪ್ಪಲು, ಎಷ್ಟು ಹಿರೇ-ಚಿಕ್ಕ ಜೋಡಿಗಳು! ತಾಲೂಕಿನ ಹೆಸರಿದ್ದರೆ ಮಾತ್ರ ಹಿಡಿತ ಸಿಗುತ್ತದೆ. ತಾಲೂಕು ಜಿಲ್ಲೆಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. ರೈಸ್ ಅವರ ಸಂಪುಟಗಳಲ್ಲಿ ತಾಳಗುಂದದ ಸ್ತಂಭ ಶಾಸನ 'ಶಿಕಾರಿಪುರ 176'. ನಮ್ಮ ರಿಜಿಸ್ಟರಿನ ಹಳೆಯ ನಮೂದುಗಳೆಲ್ಲ ಈ ಬಗೆಯ ತಾಲೂಕು-ಸಂಖ್ಯೆಯಲ್ಲೇ ಇದ್ದವು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳು ಬರತೊಡಗಿದ ಮೇಲೆ ಅದೇ ಶಾಸನಗಳಿಗೆ ಬೇರೆ ಸಂಖ್ಯೆಗಳು ಬಂದವು. ಹೊಸ ಸಂಖ್ಯೆ ಬರೆಯುವಾಗ ಹಳೆಯದನ್ನು ಹೊಡೆದುಹಾಕುವ ಚಟ ಕೆಲವರಿಗಿತ್ತು. ನನ್ನ ಕಾಲದಲ್ಲಿ ಅದಕ್ಕೆ ಬಿಡಲಿಲ್ಲ. ಹಳೆಯ ಶೀರ್ಷಿಕೆ ತಪ್ಪಾಗಿದ್ದರೂ ಅದು ಇದ್ದ ಹಾಗೇ ಇರಬೇಕು, ಸರಿಯಾದದ್ದು ಪಕ್ಕದಲ್ಲಿ ಬರಬೇಕು, ಯಾರು ಯಾವತ್ತು ಬರೆದರು ಅನ್ನೋದು ಅದರ ಕೆಳಗೆ. ತಪ್ಪು ಶೀರ್ಷಿಕೆಯೂ ಒಂದು ಸುಳಿವೇ. 'ಐವುಲ್ಲಿ' ಎಂದು ಬರೆದದ್ದನ್ನು ಅಳಿಸಿ 'ಐಹೊಳೆ' ಎಂದು ಮಾಡಿದರೆ, ನಾಳೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಬಿಗ್ಸ್ ಚಿತ್ರಕ್ಕೂ ನಮ್ಮ ಪ್ರತಿಗೂ ಗಂಟು ಹಾಕುವ ದಾರವೇ ಹೋಗುತ್ತದೆ.

ಶೀರ್ಷಿಕೆಯೇ ಇಲ್ಲದ ಪ್ಲೇಟುಗಳದ್ದು ಬೇರೆ ಕಥೆ. ಲಕೋಟೆ ಗೆದ್ದಲು ತಿಂದಿರುತ್ತದೆ, ಇಲ್ಲ ಯಾರೋ ಬದಲಾಯಿಸುವಾಗ ಸಂಖ್ಯೆ ಬರೆಯಲು ಮರೆತಿರುತ್ತಾರೆ. ಅಂಥವು ಒಂದು ಪೆಟ್ಟಿಗೆ ತುಂಬ ಇದ್ದವು. ನಮ್ಮ ಸೆಕ್ಷನ್ನಿನಲ್ಲಿ ಒಬ್ಬ ಹಿರಿಯ ಅಟೆಂಡರ್ ಇದ್ದರು. ಹದಿನೆಂಟನೇ ವಯಸ್ಸಿನಲ್ಲಿ ಟ್ರೈಪಾಡ್ ಹೊರುವ ಕೆಲಸಕ್ಕೆ ಸೇರಿದವರು. ಪ್ರವಾಸದ ತಂಡದ ಜೊತೆ ಎತ್ತಿನ ಗಾಡಿ, ಬಸ್ಸು, ಜೀಪು ಎಲ್ಲದರಲ್ಲೂ ತಿರುಗಿದವರು. ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಒಂದು ದಿನ ಹೆಸರಿಲ್ಲದ ಪ್ಲೇಟೊಂದನ್ನು ಲೈಟ್ ಬಾಕ್ಸ್ ಮೇಲಿಟ್ಟು ಭೂತಗನ್ನಡಿಯಲ್ಲಿ ಅಕ್ಷರ ಹುಡುಕುತ್ತಿದ್ದೆ. ಟೀ ತಂದಿಟ್ಟವರು ಹಿಂದಿನಿಂದಲೇ ನೋಡಿ, "ಮೇಡಂ, ಈ ಹುಣಸೇಮರ ನಂಗೊತ್ತು. ಇದ್ರ ಕೆಳಗೇ ನಾವು ಬುತ್ತಿ ಬಿಚ್ಚಿದ್ದು" ಅಂದರು. ಊರಿನ ಹೆಸರು ಹೇಳಿದರು. ನಾನು ಅಕ್ಷರ ನೋಡುತ್ತಿದ್ದೆ, ಅವರು ಮರ ನೋಡಿದ್ದರು. ಮುದ್ರಿತ ಪಾಠದ ಜೊತೆ ಹೋಲಿಸಿದರೆ ಅಕ್ಷರಶಃ ಸರಿ.

ಅವತ್ತಿನಿಂದ ದಿನಾ ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಅವರ ಜೊತೆ ಕೂರುವುದು ರೂಢಿಯಾಯಿತು. ಒಂದೊಂದೇ ಪ್ಲೇಟು ತೋರಿಸುವುದು, ಅವರು ಹೇಳಿದ್ದನ್ನು ಸೀಸದ ಕಡ್ಡಿಯಲ್ಲಿ ಬರೆದುಕೊಳ್ಳುವುದು, ಅವರ ಹೆಸರಿನ ಮೊದಲಕ್ಷರ, ತಾರೀಕು ಹಾಕುವುದು. ಅವರಿಗೆ ಇದೊಂದು ತಮಾಷೆ. "ನಾನು ಹೇಳಿದ್ದನ್ನೂ ಬರೀತೀರಲ್ಲ ಮೇಡಂ" ಅಂತ ನಗುತ್ತಿದ್ದರು. ಎಲ್ಲವೂ ನೆನಪಾಗುತ್ತಿರಲಿಲ್ಲ. ನೆನಪಾಗದಿದ್ದರೆ "ಇದು ನಾನು ಬರೋಕೂ ಮುಂಚಿಂದು" ಎಂದು ನೇರವಾಗಿ ಹೇಳುತ್ತಿದ್ದರು, ಊಹಿಸಿ ಹೇಳುವ ಅಭ್ಯಾಸ ಇರಲಿಲ್ಲ. ದೊಡ್ಡ ದೊಡ್ಡ ವಿದ್ವಾಂಸರಲ್ಲೂ ಈ ಗುಣ ಅಪರೂಪ.

ಅವರು ನಿವೃತ್ತರಾಗುವ ಮೊದಲು ಕೇಳಿದ ಕೊನೆಯ ಪ್ರಶ್ನೆಗಳಲ್ಲಿ ಇದೂ ಒಂದು. ಅನೇಕ ಲಕೋಟೆಗಳ ಮೂಲೆಯಲ್ಲಿ 'ಎ' ಮತ್ತು 'ಬಿ' ಎಂಬ ಗುರುತಿತ್ತು. ರಿಜಿಸ್ಟರಿನಲ್ಲಿ ಎರಡಕ್ಕೂ ಸೇರಿ ಒಂದೇ ನಮೂದು. ಕಲ್ಲೂ ಒಂದೇ, ಕೋನವೂ ಒಂದೇ. ಇದೇನು ಅಂತ ಪಕ್ಕದ ಕೋಣೆಯ ವಿದ್ವಾಂಸರನ್ನು ಕೇಳಿದ್ದೆ, 'ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ತೆಗೆದಿರಬೇಕು' ಅಂದಿದ್ದರು. ಅಟೆಂಡರ್ ಒಂದೇ ಮಾತಿನಲ್ಲಿ ಹೇಳಿದರು: "ಎ ಅಂದ್ರೆ ಹಂಗೇ ತೆಗೆದಿದ್ದು. ಬಿ ಅಂದ್ರೆ ಬಳಿದು ತೆಗೆದಿದ್ದು."

ಬಳಿಯುವುದು ಅಂದರೆ ಏನೆಂದು ಶಾಸನ ಕ್ಷೇತ್ರದವರಿಗೆ ವಿವರಿಸಬೇಕಿಲ್ಲ. ಆದರೂ ಹೊಸಬರಿಗಾಗಿ: ಸವೆದ ಕಲ್ಲಿನ ಅಕ್ಷರ ಫೋಟೋದಲ್ಲಿ ಎದ್ದು ಕಾಣುವುದಿಲ್ಲ. ಬೆಳಿಗ್ಗೆ ಇಲ್ಲವೇ ಸಂಜೆಯ ಓರೆ ಬಿಸಿಲು ಬಿದ್ದರೆ ಸ್ವಲ್ಪ ಕಾಣುತ್ತದೆ. ಮರದ ನೆರಳಲ್ಲೋ ಗುಡಿಯ ಒಳಗೋ ಇದ್ದರೆ ಅದೂ ಇಲ್ಲ. ಆಗ ಅಕ್ಷರದ ಗುಳಿಗಳಿಗೆ ಸೀಮೆಸುಣ್ಣವನ್ನೋ ಸುಣ್ಣದ ತಿಳಿಯನ್ನೋ ತುಂಬುತ್ತಿದ್ದರು. ಕಪ್ಪು ಕಲ್ಲು, ಬಿಳಿ ಅಕ್ಷರ, ಸ್ಲೇಟಿನ ಮೇಲೆ ಬರೆದ ಹಾಗೆ ಸ್ಪಷ್ಟ. ಹಳೆಯ ವರದಿಗಳಲ್ಲಿ ಅಚ್ಚಾದ ಚಿತ್ರಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ತೊಂದರೆ ಇರುವುದು ಇಲ್ಲೇ. ಎಲ್ಲಿ ಗೆರೆ, ಎಲ್ಲಿ ಬಿರುಕು ಎಂದು ತೀರ್ಮಾನಿಸಿದ ಮೇಲೆಯೇ ಸುಣ್ಣ ತುಂಬಲು ಸಾಧ್ಯ. ಅಂದರೆ ತುಂಬುವವರು ಆಗಲೇ ಶಾಸನವನ್ನು ಓದಿಬಿಟ್ಟಿರುತ್ತಾರೆ. ನಾವು ಫೋಟೋದಲ್ಲಿ ನೋಡುವುದು ಕಲ್ಲನ್ನಲ್ಲ, ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅವರು ಓದಿದ ಓದನ್ನು. ಅವರು ಬಿಟ್ಟ ಅಕ್ಷರ ಫೋಟೋದಲ್ಲಿ ಕಲ್ಲಿನ ಒರಟಿನಲ್ಲಿ ಕರಗಿಹೋಗಿರುತ್ತದೆ. ಸುತ್ತಲಿನ ಬಿಳಿ ಎಷ್ಟು ಕಣ್ಣಿಗೆ ಹೊಡೆಯುತ್ತದೆಂದರೆ ಬಿಟ್ಟ ಜಾಗದಲ್ಲಿ ಏನಾದರೂ ಇದ್ದೀತೆಂದು ಯಾರಿಗೂ ಅನಿಸುವುದಿಲ್ಲ.

ಹಾಗಾದರೆ 'ಎ' ಪ್ಲೇಟು ಬಳಿಯುವ ಮೊದಲಿನದು. ನಮ್ಮಲ್ಲಿದ್ದ ಜೋಡಿಗಳನ್ನು ತೆಗೆದ ಆ ಹಳೆಯ ಛಾಯಾಗ್ರಾಹಕರು ಯಾರೋ, ಎಷ್ಟು ಎಚ್ಚರದ ಮನುಷ್ಯ! ಒಂದು ಪ್ಲೇಟಿನ ಬೆಲೆ, ಅದನ್ನು ಹೊರುವ ಕಷ್ಟ ಗೊತ್ತಿದ್ದೂ ಎರಡೆರಡು ತೆಗೆದಿದ್ದಾರೆ.

1996ರಲ್ಲಿ ನಮ್ಮ ಕಚೇರಿಗೆ ಒಂದು ಸುತ್ತೋಲೆ ಬಂತು. ಕಟ್ಟಡ ದುರಸ್ತಿ, ಜಾಗದ ಅಭಾವ, ಆದ್ದರಿಂದ ಒಂದೇ ವಿಷಯದ ಒಂದಕ್ಕಿಂತ ಹೆಚ್ಚು ನೆಗೆಟಿವ್‌ಗಳಿದ್ದಲ್ಲಿ ಸ್ಪಷ್ಟವಾಗಿರುವುದೊಂದನ್ನು ಉಳಿಸಿಕೊಂಡು ಮಿಕ್ಕವನ್ನು ವಿಲೇವಾರಿ ಮಾಡತಕ್ಕದ್ದು. ಸ್ಪಷ್ಟವಾಗಿರುವುದು ಅಂದರೆ ಯಾವುದು? ಎಲ್ಲರ ಕಣ್ಣಿಗೂ 'ಬಿ'. ಹೋಗಬೇಕಾದದ್ದು 'ಎ'. ವಿಲೇವಾರಿಯಾದ ಗಾಜಿನ ಗತಿ ಏನಾಗುತ್ತಿತ್ತು ಅಂತ ಕೇಳಬೇಡಿ. ಮೇಲಿನ ಲೇಪವನ್ನು ಬಿಸಿನೀರಲ್ಲಿ ಕೆರೆದರೆ ಒಳ್ಳೆಯ ತೆಳು ಗಾಜು, ದೇವರ ಪಟಕ್ಕೆ ಕಟ್ಟು ಹಾಕುವವರು ಕೊಳ್ಳುತ್ತಿದ್ದರು. ಸುತ್ತೋಲೆ ನನ್ನ ಮೇಜಿಗೆ ತಲುಪುವ ಹೊತ್ತಿಗೆ, ಬೇರೆ ಕೋಣೆಯಲ್ಲಿಟ್ಟಿದ್ದ ಎರಡು ಪೆಟ್ಟಿಗೆ ಹೋಗಿಯೇ ಬಿಟ್ಟಿತ್ತು. ಅವುಗಳಲ್ಲಿ ಏನಿತ್ತು ಎಂಬುದು ರಿಜಿಸ್ಟರಿನ ಸಂಖ್ಯೆಗಳಲ್ಲಿ ಮಾತ್ರ ಉಳಿದಿದೆ.

ನಾನು ಎದುರು ಪತ್ರ ಬರೆಯಲಿಲ್ಲ. ಸರ್ಕಾರಿ ನೌಕರಿಯಲ್ಲಿ ಬೇಡ ಅನ್ನುವುದಕ್ಕಿಂತ ಪಟ್ಟಿ ಮಾಡುತ್ತೇನೆ ಅನ್ನುವುದು ಬಲವಾದ ಅಸ್ತ್ರ. ಯಾವುದು ಪ್ರತಿ, ಯಾವುದು ಅಲ್ಲ ಎಂದು ಒಂದೊಂದೇ ಜೋಡಿಯನ್ನು ಹೋಲಿಸಿ ಪಟ್ಟಿ ಸಲ್ಲಿಸುತ್ತೇನೆ, ಅಲ್ಲಿಯವರೆಗೆ ಯಾವುದನ್ನೂ ಹೊರಗೆ ಕಳಿಸಬಾರದು ಎಂದು ಟಿಪ್ಪಣಿ ಹಾಕಿ ಸಹಿ ಪಡೆದೆ. ಹೋಲಿಸುವುದಕ್ಕೆ ಹದಿನಾಲ್ಕು ತಿಂಗಳು ಬೇಕಾಯಿತು. ನಿಜವಾಗಿಯೂ ಬೇಕಾಯಿತು, ಕಾಲಹರಣ ಮಾಡಿದ್ದಲ್ಲ.

ಆ ಹದಿನಾಲ್ಕು ತಿಂಗಳಲ್ಲಿ ಸಿಕ್ಕ ಒಂದು ಜೋಡಿಯ ವಿಷಯ ಇಲ್ಲಿ ಹೇಳಬೇಕು. ಹೊಯ್ಸಳರ ಕಾಲದ ದಾನಶಾಸನ. ಪೂರ್ಣ ಪಾಠ ಇನ್ನೂ ಅಚ್ಚಾಗಬೇಕಿರುವುದರಿಂದ ಊರಿನ ಹೆಸರು ಹಾಕುತ್ತಿಲ್ಲ. ಫೋಟೋ ತೆಗೆಯುವ ಹೊತ್ತಿಗೇ ಮೇಲಿನ ತುಂಡು ಮುರಿದುಹೋಗಿತ್ತು, ಅರಸನ ಹೆಸರು ಬಿರುದು ಎಲ್ಲ ಅದರ ಜೊತೆಗೇ. ಉಳಿದದ್ದರಲ್ಲಿ ಕಾಲ, ಕೆರೆಯ ಕೆಳಗಣ ಗದ್ದೆಯ ಸಲಗೆಗಳ ಲೆಕ್ಕ, ತೂಬಿನ ದುರಸ್ತಿಗೆ ಬಿಟ್ಟ ಭೂಮಿ, ಕೊನೆಗೆ ಶಾಪಾಶಯ. ಆಮೇಲೆ ಆ ಕಲ್ಲೂ ಇಲ್ಲವಾಯಿತು. ರಸ್ತೆಯ ಮೋರಿಗೆ ಹೋಯಿತು ಅಂತ ಊರವರು ಹೇಳುತ್ತಾರೆ. ಅಂದರೆ ನಮ್ಮ ಗಾಜೇ ಈಗ ಶಾಸನ.

'ಬಿ' ಪ್ಲೇಟಿನಲ್ಲಿ ಸುಣ್ಣ ತುಂಬಿದ ಅಕ್ಷರಗಳಲ್ಲಿ ಶಕವರ್ಷ ೧೦೬೦ ಎಂದು ಚೆನ್ನಾಗಿ ಕಾಣುತ್ತದೆ. ಸಂವತ್ಸರದ ಹೆಸರಿರಬೇಕಾದ ಜಾಗ ಖಾಲಿ. ಈ ಪ್ರಿಂಟನ್ನು ನೋಡಿ ವಿದ್ವಾಂಸರೊಬ್ಬರು ಅದನ್ನು ಕ್ರಿ.ಶ. 1138ರದ್ದು, ವಿಷ್ಣುವರ್ಧನನ ಕಾಲದ್ದು ಎಂದು ಲೆಕ್ಕ ಹಾಕಿದ್ದರು. ಆ ಊರ ಕೆರೆಯನ್ನು ವಿಷ್ಣುವರ್ಧನನ ಆಳ್ವಿಕೆಗೆ ಸೇರಿಸಿದ್ದರು. ಅವರ ಮುಂದಿದ್ದ ಚಿತ್ರಕ್ಕೆ ಅದೇ ಸರಿಯಾದ ಓದು.

'ಎ' ಪ್ಲೇಟನ್ನು ಲೈಟ್ ಬಾಕ್ಸ್ ಮೇಲಿಟ್ಟೆ. ಸುಣ್ಣವಿಲ್ಲದ ಕಲ್ಲು, ಬಲಗಡೆಯಿಂದ ಓರೆ ಬಿಸಿಲು. ಮೊದಲ ನೋಟಕ್ಕೆ ಏನೂ ಇಲ್ಲ, ಬರೀ ಬೂದು. ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಸವೆದ ಕಲ್ಲಿನಲ್ಲಿ ೬ ಮತ್ತು ೯ ಒಂದಕ್ಕೊಂದು ಮೋಸ ಮಾಡುವ ಅಂಕಿಗಳು. ಇಲ್ಲೂ ಅಂಕಿಯ ಒಂದು ತುದಿಯಲ್ಲಿ ಕಲ್ಲು ಚಕ್ಕೆ ಎದ್ದಿತ್ತು, ಸುಣ್ಣ ತುಂಬಿದವರು ಆ ಚಕ್ಕೆಯನ್ನೇ ಬಾಲ ಅಂದುಕೊಂಡಿದ್ದರು. ಅದಿಷ್ಟೇ ಆಗಿದ್ದರೆ ಹೀಗೂ ಇರಬಹುದು ಹಾಗೂ ಇರಬಹುದು ಎಂದು ಬಿಡಬೇಕಾಗುತ್ತಿತ್ತು. ಆದರೆ ಅದರ ಮುಂದೆ, 'ಬಿ'ಯಲ್ಲಿ ಖಾಲಿ ಇದ್ದ ಜಾಗದಲ್ಲಿ, ಎರಡು ಅಕ್ಷರ ತೆಳುವಾಗಿ ನಿಂತಿದ್ದವು: 'ಸರ್ವ'. ಮುಂದಿನದು ಹೋಗಿದೆ.

ಅರವತ್ತು ಸಂವತ್ಸರಗಳಲ್ಲಿ 'ಸರ್ವ'ದಿಂದ ಶುರುವಾಗುವವು ಎರಡೇ, ಸರ್ವಜಿತು ಮತ್ತು ಸರ್ವಧಾರಿ, ಅದೂ ಅಕ್ಕಪಕ್ಕದವು. ಶಕ 1060 ಕಾಳಯುಕ್ತಿ. ಒಂದು ವರ್ಷ ಹಿಂದೆ ಎಣಿಸಿದರೂ ಪಿಂಗಳ. ಎರಡೂ ಹೊಂದುವುದಿಲ್ಲ. ಶಕ 1090 ಸರ್ವಧಾರಿ. ಲಿಪಿಕಾರ ನಡೆಯುತ್ತಿರುವ ವರ್ಷವನ್ನು ಎಣಿಸಿದ್ದರೆ ಸರ್ವಜಿತು. ಯಾವ ಕಡೆಯಿಂದ ನೋಡಿದರೂ 1090ಕ್ಕೇ ಬಂದು ನಿಲ್ಲುತ್ತದೆ. ಕ್ರಿ.ಶ. 1167 ಅಥವಾ 1168, ವಿಷ್ಣುವರ್ಧನನದಲ್ಲ, ಅವನ ಮಗ ಒಂದನೇ ನರಸಿಂಹನ ಕಾಲ. ಮೂವತ್ತು ವರ್ಷ ಮುಂದೆ. ಆ ಲೇಖನ ಬರೆದಿದ್ದ ವಿದ್ವಾಂಸರಿಗೆ ಪತ್ರ ಹಾಕಿದೆ. ಮೂರನೇ ದಿನಕ್ಕೇ ಬಸ್ಸು ಹತ್ತಿ ಬಂದರು. ಎಪ್ಪತ್ತು ದಾಟಿದ ವಯಸ್ಸು. ಎರಡು ಪ್ಲೇಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದು ಇರೋದು ನನಗೆ ಯಾರೂ ಹೇಳಲೇ ಇಲ್ಲವಲ್ಲಮ್ಮ" ಅಂದರು. ಹೇಳುವವರು ಯಾರಿದ್ದರು? ರಿಜಿಸ್ಟರಿನಲ್ಲಿ ಒಂದೇ ಸಾಲಿತ್ತು. ಎರಡನೇ ಪ್ಲೇಟು ಇದೆ ಎಂಬುದಕ್ಕೆ ಲಕೋಟೆಯ ಮೂಲೆಯ ಒಂದು ಅಕ್ಷರ ಬಿಟ್ಟರೆ ಬೇರೆ ದಾಖಲೆ ಇರಲಿಲ್ಲ, ಆ ಅಕ್ಷರದ ಅರ್ಥ ಒಬ್ಬ ಅಟೆಂಡರ್ ತಲೆಯಲ್ಲಿತ್ತು.

ಪಟ್ಟಿ ಸಲ್ಲಿಸಿದೆ. 'ಪ್ರತಿ' ಎಂಬ ಕಾಲಮ್ಮಿನಲ್ಲಿ ಬಂದವು ನಿಜಕ್ಕೂ ಪ್ರತಿಗಳಾದ ಹನ್ನೊಂದು ಪ್ಲೇಟು ಮಾತ್ರ. ಅಷ್ಟರಲ್ಲಿ ಸುತ್ತೋಲೆ ಹೊರಡಿಸಿದ ಅಧಿಕಾರಿಗೆ ವರ್ಗವಾಗಿತ್ತು, ಹೊಸಬರು ಕಡತ ತೆರೆಯಲಿಲ್ಲ. ಹನ್ನೊಂದೂ ಉಳಿದವು.

ಇದಾದ ಹತ್ತು ವರ್ಷದ ಮೇಲೆ ಸ್ಕ್ಯಾನಿಂಗ್ ಬಂತು. ಅದನ್ನು ಬಹಳ ಜನ ಬಿಡುಗಡೆ ಅಂದುಕೊಂಡರು, ಇನ್ನು ಗಾಜು ಯಾಕೆ ಅಂತ. ಹೊರಗಿನವರಿಗೆ ಗುತ್ತಿಗೆ. ಅವರ ಹುಡುಗರು ಒಳ್ಳೆಯವರೇ, ಕೈ ಶುದ್ಧ, ಕೆಲಸ ಚುರುಕು. ಆದರೆ ಚಿತ್ರ 'ಚೆಂದ' ಮಾಡುವುದು ಅವರ ಅಭ್ಯಾಸ. ಅಂಚು ಕತ್ತರಿಸುತ್ತಿದ್ದರು. ಅಂಚಿನಲ್ಲಿ ತಾನೇ ಅಡಿಕೋಲು ಇರುವುದು, ಸಂಖ್ಯೆ ಬರೆದ ಸ್ಲೇಟು ಇರುವುದು, ಛಾಯಾಗ್ರಾಹಕ ಗಾಜಿನ ಮೇಲೆ ಗೀರಿದ ನಂಬರ್ ಇರುವುದು. ಕಪ್ಪುಬಿಳುಪನ್ನು ಯಂತ್ರವೇ ಹದ ಮಾಡುತ್ತಿತ್ತು, ಹಾಗೆ ಮಾಡಿದರೆ 'ಎ' ಪ್ಲೇಟಿನ ತೆಳು ಬೂದು ಗೆರೆಗಳು ಮಾಯ. ಮೊದಲ ವಾರದ ಕೆಲಸವನ್ನು ಪೂರ್ತಿ ಮತ್ತೆ ಮಾಡಿಸಿದೆವು: ಅಂಚು ಸಮೇತ, ಹದ ಮಾಡದೆ, ಜೊತೆಗೆ ಪ್ರತಿ ಲಕೋಟೆಯ ಮುಂಭಾಗ ಹಿಂಭಾಗ ಎರಡೂ. ಲಕೋಟೆ ಯಾಕೆ ಮೇಡಂ ಅಂತ ಕೇಳಿದ ಹುಡುಗನಿಗೆ ಎ-ಬಿ ಕಥೆ ಹೇಳಿದೆ. ಆಮೇಲೆ ಅವನೇ ಬೇರೆಯವರಿಗೆ ಹೇಳುತ್ತಿದ್ದ.

ಈಗ ಕಾಲ ಬದಲಾಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಸಿಗುವಂತೆ ಮಾಡುತ್ತಿದ್ದಾರೆ. ಸುಣ್ಣ ಬೇಡ, ಬಿಸಿಲಿಗೆ ಕಾಯಬೇಕಿಲ್ಲ. ಬೆಳಕನ್ನು ಕಂಪ್ಯೂಟರಿನಲ್ಲೇ ಯಾವ ಕಡೆಯಿಂದ ಬೇಕಾದರೂ ಬೀಳಿಸಿ ನೋಡಬಹುದು. ನನ್ನ ಮಟ್ಟಿಗೆ ಡಿಕ್ಸನ್ ನಂತರ ಆದ ದೊಡ್ಡ ಹೆಜ್ಜೆ ಇದು. ಆದರೆ ಸ್ಕ್ಯಾನ್ ಆಗಬೇಕಾದರೆ ಕಲ್ಲು ಇರಬೇಕು. ಜೀರ್ಣೋದ್ಧಾರದ ಹೆಸರಲ್ಲಿ ಮರಳು ಊದಿ ಅಕ್ಷರ ಸವೆಸಿದ ಗೋಡೆ, ಆಯಿಲ್ ಪೇಂಟ್ ಬಳಿದ ಮಾಸ್ತಿಕಲ್ಲು, ನಿಧಿಗಾಗಿ ಬುಡಮೇಲು ಮಾಡಿದ ದಾನಶಾಸನ, ಇವುಗಳಿಗೆ ಹಳೆಯ ಗಾಜು, ಹಳೆಯ ಪಡಿಯಚ್ಚು ಬಿಟ್ಟರೆ ಬೇರೆ ಗತಿಯಿಲ್ಲ.

ಈ ಪುಟದ ಓದುಗರಲ್ಲಿ ಅನೇಕರು ಭಾನುವಾರ ಬೈಕು ಹತ್ತಿ ಊರೂರು ಸುತ್ತಿ ಶಾಸನದ ಫೋಟೋ ತೆಗೆಯುವವರು. ನನಗೂ ಕಳಿಸುತ್ತೀರಿ, ಸಂತೋಷ. ಹೆಚ್ಚಿನ ಚಿತ್ರಗಳಲ್ಲಿ ಅಕ್ಷರಕ್ಕೆ ಮೈದಾಹಿಟ್ಟೋ ಸೀಮೆಸುಣ್ಣವೋ ಬಳಿದಿರುತ್ತೀರಿ. ಬಳಿಯದೇ ಇದ್ದರೆ ಒಳ್ಳೆಯದು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗಿಸಿ ಓರೆಯಾಗಿ ಹಿಡಿದರೆ ಹಿಟ್ಟಿಗಿಂತ ಚೆನ್ನಾಗಿ ಕಾಣುತ್ತದೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿನಿಂದ ಬೆಳಕು ಬಿಟ್ಟು ಮೂರು ಚಿತ್ರ ತೆಗೆಯಿರಿ. ಬಳಿಯಲೇಬೇಕು ಅಂತಿದ್ದರೆ ಬಳಿಯುವ ಮೊದಲು ಒಂದು ತೆಗೆದಿಟ್ಟುಕೊಳ್ಳಿ, ಎಷ್ಟೇ ಮಸುಕಾಗಿದ್ದರೂ ಅದನ್ನು ಅಳಿಸಬೇಡಿ. ದೂರದಿಂದ ಒಂದು ಚಿತ್ರ ಇರಲಿ, ಕಲ್ಲಿನ ಹಿಂದೆ ಗುಡಿಯೋ ಕೆರೆಯೋ ಮರವೋ ಕಾಣುವಂತೆ. ಫೈಲಿಗೆ ಊರು, ಹೋಬಳಿ, ತಾಲೂಕು, ಕಲ್ಲು ನಿಂತ ಜಾಗ, ತಾರೀಕು, ತೆಗೆದವರ ಹೆಸರು ಹಾಕಿ. ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಅದು ಚಿತ್ರವನ್ನು ಕುಗ್ಗಿಸಿ ಒಳಗಿನ ತಾರೀಕು, ಸ್ಥಳದ ವಿವರ ತಿಂದುಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.